ಓದುಗರ ಪ್ರಶ್ನೆ, ನನ್ನ ಉತ್ತರ: ಇಂಗ್ಲೆಂಡಿನ ಹಳ್ಳೀಲಿ ಕಳೆದ ಬಾಲ್ಯ

ಹೋದ ಸಂಚಿಕೇಲಿ ನಾನು ಹೆರೆಫರ್ಡ್‌ಶೈರ್ ಕಡೆಯ ಒಂದು ಹಳ್ಳೀಲಿ ಬೆಳೆದದ್ದರ ಬಗ್ಗೆ ಎರಡು ಪುಟ ಬರೆದಿದ್ದೆ. ಅಪ್ಪ 1961ರಲ್ಲಿ ಅಲ್ಲಿಯ ಆಸ್ಪತ್ರೆಗೆ ಡಾಕ್ಟರಾಗಿ ಹೋದದ್ದು, ಪೇಟೇಲಿ ಮನೆ ಸಿಗದೆ ಹಳ್ಳೀಲಿ ಬಾಡಿಗೆಗೆ ಇದ್ದದ್ದು, ನಾನು ಅಲ್ಲೇ ಸ್ಕೂಲಿಗೆ ಸೇರಿದ್ದು ಅಷ್ಟೇ ಅದರಲ್ಲಿದ್ದದ್ದು. ಅದಕ್ಕೆ ಬಂದ ಪತ್ರ, ಮೆಸೇಜು ನೋಡಿ ಸಂಪಾದಕರು ಈ ಸಲದ ಪ್ರಶ್ನೋತ್ತರ ಪೂರ್ತಿ ಇದಕ್ಕೇ ಇಟ್ಕೊಳ್ಳಿ ಅಂದ್ರು. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದ್ದೀನಿ. ಹಳ್ಳಿ ಹೆಸರು ಕೇಳಿದವರಿಗೆ ಮಾತ್ರ ಉತ್ತರ ಇಲ್ಲ, ಬೇಜಾರು ಮಾಡ್ಕೋಬೇಡಿ, ಆಗಿನ ನೆರೆಮನೆಯವರ ಮಕ್ಕಳು ಇನ್ನೂ ಅಲ್ಲೇ ಇದ್ದಾರೆ.

ಪ್ರಶ್ನೆ: ಮೇಡಂ, ಇಂಗ್ಲೆಂಡಿನ ಹಳ್ಳಿ ಅಂದ್ರೆ ನಮಗೆಲ್ಲ ಬಿಸ್ಕತ್ ಡಬ್ಬಿ ಮೇಲಿನ ಚಿತ್ರಾನೇ ಕಣ್ಮುಂದೆ ಬರೋದು. ನಿಜವಾಗ್ಲೂ ಹಾಗಿತ್ತಾ, ಇಲ್ಲ ನೀವೂ ಸ್ವಲ್ಪ ಒಗ್ಗರಣೆ ಹಾಕಿದ್ದೀರಾ?

ಉತ್ತರ: ದೂರದಿಂದ ನೋಡಿದ್ರೆ ಆ ಚಿತ್ರ ಸರಿಯಾಗೇ ಇದೆ. ನಮ್ಮ ಕಡೆ ಓಕ್ ಮರದ ತೊಲೆಗಳ ಚೌಕಟ್ಟು, ಮಧ್ಯೆ ಹೆಣೆದ ಕಡ್ಡಿಗೆ ಮಣ್ಣು ಮೆತ್ತಿ ಸುಣ್ಣ ಬಳಿದ ಗೋಡೆ, ತೊಲೆಗೆ ಕಪ್ಪು ಬಣ್ಣ, ಹೀಗೆ ಕಪ್ಪು ಬಿಳುಪು ಮನೆಗಳು. ಒಂದು ಚರ್ಚು, ಎದುರಿಗೇ ಪಬ್ಬು, ಪೋಸ್ಟಾಫೀಸು ಅಂಗಡಿ ಎರಡೂ ಒಂದೇ ಕೋಣೇಲಿ, ಒಂದು ಸ್ಕೂಲು, ಒಬ್ಬ ಕಮ್ಮಾರ. ಆದ್ರೆ ಡಬ್ಬಿ ಮೇಲಿನ ಚಿತ್ರಕ್ಕೆ ವಾಸನೆ ಇರಲ್ಲ ನೋಡಿ. ಹಂದಿ ಕೊಟ್ಟಿಗೆ, ಕಲ್ಲಿದ್ದಲು ಹೊಗೆ, ದನಕ್ಕೆ ಅಂತ ಹುಲ್ಲು ಹುಳಿ ಬರಿಸಿ ಇಡ್ತಾರಲ್ಲ ಆ ಸೈಲೇಜು, ಜೊತೆಗೆ ಎಷ್ಟೋ ಮನೆಗಳಲ್ಲಿ ಹಿತ್ತಲ ಕೊನೇಲಿ ಬಕೆಟ್ ಕಕ್ಕಸು. ಮಳೆಗಾಲ ಅಂತ ಬೇರೆ ಇಲ್ಲ ಅಲ್ಲಿ, ವರ್ಷಪೂರ್ತಿ ಜಿನುಗ್ತಾನೇ ಇರುತ್ತೆ, ಹಾಗಾಗಿ ಕೆಸರು. ನನ್ನ ಬಾಲ್ಯದ ಬಹುಪಾಲು ಫೋಟೋಗಳಲ್ಲಿ ನಾನು ಮೊಣಕಾಲವರೆಗೆ ಬರೋ ರಬ್ಬರ್ ಬೂಟಲ್ಲೇ ಇದ್ದೀನಿ, ಹುಟ್ಟುಹಬ್ಬದ ಫೋಟೋದಲ್ಲೂ.

ಇನ್ನೊಂದು ವಿಷಯ ಚಿತ್ರದಲ್ಲಿ ಕಾಣಲ್ಲ. ಆ ಚೆಂದದ ಸಣ್ಣ ಮನೆಗಳಲ್ಲಿ ಎಷ್ಟೋ ಮನೆಗಳು ಅಲ್ಲಿದ್ದವರದ್ದಲ್ಲ, ಫಾರ್ಮ್ ಯಜಮಾನಂದು. ಆಳಾಗಿ ದುಡಿಯೋವರೆಗೆ ಮನೆ, ಕೆಲಸ ಹೋದ್ರೆ ಮನೇನೂ ಹೋಯ್ತು. ಟೈಡ್ ಕಾಟೇಜ್ ಅಂತಿದ್ರು. 1976ರಲ್ಲಿ ಕಾನೂನು ಬಂದು ಅವರಿಗೊಂದು ಭದ್ರತೆ ಸಿಕ್ಕಿತು, ಅಲ್ಲಿವರೆಗೂ ಯಜಮಾನನ ಮರ್ಜಿ. ನನ್ನ ಕ್ಲಾಸಲ್ಲಿದ್ದ ಒಬ್ಬಳ ಅಪ್ಪಂಗೆ ಬೆನ್ನು ಕೈಕೊಟ್ಟು ಭಾರ ಎತ್ತೋಕಾಗದೆ ಹೋಯ್ತು, ಬೇಸಿಗೆ ರಜಾ ಮುಗಿಸಿ ಬರೋಷ್ಟರಲ್ಲಿ ಆ ಮನೇಲಿ ಬೇರೆಯವರಿದ್ರು. ಯಾರೂ ಅದನ್ನ ದೊಡ್ಡ ಅನ್ಯಾಯ ಅಂತ ಮಾತಾಡಿದ್ದು ನಾನು ಕೇಳಿಲ್ಲ. ಅದೇ ನಂಗೆ ಈಗ ಹೆಚ್ಚು ಕಾಡೋದು.

ಪ್ರಶ್ನೆ: ಚಳಿ ಹೇಗೆ ತಡ್ಕೊಂಡ್ರಿ? ನಮಗೆ ಡಿಸೆಂಬರಲ್ಲೇ ಸ್ವೆಟರ್ ಬೇಕು.

ಉತ್ತರ: ನಾವು ಹೋದ ಎರಡನೇ ಚಳಿಗಾಲಾನೇ ಇಡೀ ದೇಶ ಇವತ್ತಿಗೂ ನೆನಪಿಟ್ಕೊಂಡಿರೋ ಚಳಿಗಾಲ. 1962ರ ಬಾಕ್ಸಿಂಗ್ ಡೇ, ಅಂದ್ರೆ ಕ್ರಿಸ್ಮಸ್ ಮಾರನೇ ದಿನ, ಸುರಿಯೋಕೆ ಶುರುವಾದ ಹಿಮ ಮಾರ್ಚ್ ಮೊದಲ ವಾರದವರೆಗೂ ಕರಗಲೇ ಇಲ್ಲ. ಜನವರಿ ತಿಂಗಳ ಸರಾಸರೀನೇ ಮಧ್ಯ ಇಂಗ್ಲೆಂಡಲ್ಲಿ ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ, ಸರಾಸರಿ ಅಂತೀನಿ, ರಾತ್ರಿ ಲೆಕ್ಕ ಬೇರೆ. 1740ರ ಚಳಿಗಾಲ ಆದ್ಮೇಲೆ ಅಂಥದ್ದು ಬಂದಿರ್ಲಿಲ್ಲ ಅಂತಾರೆ. ಕೆಂಟ್ ಕಡೆ ಹರ್ನ್ ಬೇನಲ್ಲಿ ಸಮುದ್ರದ ದಡದ ನೀರೇ ಹೆಪ್ಪುಗಟ್ಟಿತ್ತು. ನಂಗೆ ಐದು ವರ್ಷ. ಇಂಗ್ಲೆಂಡಲ್ಲಿ ಪ್ರತಿ ವರ್ಷ ಹೀಗೇ ಅಂದ್ಕೊಂಡು ಸುಮ್ನಿದ್ದೆ, ಅಳ್ತಾ ಇದ್ದದ್ದು ಅಮ್ಮ.

ಹೀಟರ್ ಗೀಟರ್ ಇರ್ಲಿಲ್ಲ ಕಣ್ರೀ ಮನೇಲಿ. ಅಡುಗೆಮನೆ ಒಲೆ, ಮುಂದಿನ ಕೋಣೇಲಿ ಕಲ್ಲಿದ್ದಲ ಬೆಂಕಿ, ಅಷ್ಟೇ, ಮಲಗೋ ಕೋಣೇಲಿ ಏನೂ ಇಲ್ಲ. ಬೆಳಿಗ್ಗೆ ಎದ್ರೆ ಕಿಟಕಿ ಗಾಜಿನ ಒಳಗಡೆ ಮಂಜಿನ ಜರೀಗಿಡದ ಥರ ಚಿತ್ತಾರ, ಉಗುರಲ್ಲಿ ಕೆರೆದು ಹೆಸರು ಬರೀತಿದ್ವಿ. ಸ್ಕೂಲ್ ಬಟ್ಟೆ ರಾತ್ರಿನೇ ಹಾಸಿಗೆ ಒಳಗೆ ಇಟ್ಕೊಂಡು ಮಲಗೋದು, ಬೆಳಿಗ್ಗೆ ರಗ್ಗಿನ ಒಳಗೇ ಹಾಕ್ಕೊಂಡು ಈಚೆ ಬರೋದು. ಕಕ್ಕಸಿನ ಪೈಪು ಒಡೀಬಾರ್ದು ಅಂತ ಅದರ ಪಕ್ಕ ಒಂದು ಸಣ್ಣ ಸೀಮೆಎಣ್ಣೆ ದೀಪ ಹಚ್ಚಿಡ್ತಿದ್ರು, ಇಡೀ ಮನೇಲಿ ಅದೊಂದೇ ಬೆಚ್ಚಗಿನ ಜಾಗ, ಅಪ್ಪ ಪೇಪರ್ ತಗೊಂಡು ಹೋದ್ರೆ ಈಚೆ ಬರ್ತಾನೇ ಇರ್ಲಿಲ್ಲ. ಕಾಲ್ಬೆರಳು ಕೆಂಪಾಗಿ ಊದ್ಕೊಂಡು ತುರಿಸೋ ಚಿಲ್‌ಬ್ಲೇನ್ ಅನ್ನೋದು ಎಲ್ಲ ಮಕ್ಕಳಿಗೂ ಇತ್ತು. ಮರಗಟ್ಟಿದ ಕಾಲನ್ನ ಸೀದಾ ಬೆಂಕಿ ಮುಂದೆ ಹಿಡೀಬೇಡಿ ಅಂತ ಅಪ್ಪ ಊರಿಗೆಲ್ಲ ಹೇಳಿದ್ದೇ ಹೇಳಿದ್ದು, ಮನೇಲಿ ನಾವೇ ಕೇಳ್ತಿರ್ಲಿಲ್ಲ.

ರಸ್ತೆ ಮುಚ್ಚಿಹೋಗಿದ್ದಾಗ ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದದ್ದು ಪಕ್ಕದ ಫಾರ್ಮಿನ ಟ್ರ್ಯಾಕ್ಟರು. ಯಾರೂ ಕರೆದಿರ್ಲಿಲ್ಲ, ಮೊದಲನೇ ದಿನ ಆ ಮನುಷ್ಯ ತಾನಾಗಿ ಬಂದು ಗೇಟ್ ಹತ್ರ ಹಾರ್ನ್ ಹೊಡೆದ, ಅಪ್ಪ ಕೋಟಿನ ಮೇಲೆ ಕೋಟು ಹಾಕ್ಕೊಂಡು ಹತ್ತಿ ನಿಂತ್ರು. ಇಬ್ಬರೂ ದಾರಿಯುದ್ದಕ್ಕೂ ಏನು ಮಾತಾಡ್ತಿದ್ರು ಅಂತ ಅಮ್ಮ ಕೇಳಿದ್ಲು. ಏನೂ ಇಲ್ಲ ಅಂದ್ರು ಅಪ್ಪ. ಆ ಕಡೆಯ ರೈತರೇ ಹಾಗೆ, ಮಾತು ದುಬಾರಿ.

ಪ್ರಶ್ನೆ: ಸ್ಕೂಲ್ ಹೇಗಿತ್ತು? ನಾನು ನಿವೃತ್ತ ಮೇಷ್ಟ್ರು, ಅದಕ್ಕೇ ಕೇಳ್ತಿದ್ದೀನಿ.

ಉತ್ತರ: ಸರ್, ಎರಡೇ ಕೋಣೆ. ಚಿಕ್ಕವರು ಒಂದರಲ್ಲಿ, ದೊಡ್ಡವರು ಒಂದರಲ್ಲಿ, ಇಬ್ಬರು ಟೀಚರು. ಕಿಟಕಿ ಹತ್ರ ಒಂದು ಟೇಬಲ್ ಮೇಲೆ ನಾವು ದಾರೀಲಿ ಹೆಕ್ಕಿ ತಂದದ್ದನ್ನೆಲ್ಲ ಇಡ್ಬೇಕು, ಹಕ್ಕಿ ಪುಕ್ಕ, ಖಾಲಿ ಗೂಡು, ಜಾಡಿ ತುಂಬ ಕಪ್ಪೆ ಮರಿ, ಒಂದ್ಸಲ ಸತ್ತ ಮೋಲ್, ಅದು ನೆಲದೊಳಗೆ ಬಿಲ ತೋಡೋ ಪ್ರಾಣಿ. ಅದಕ್ಕೆ ನೇಚರ್ ಟೇಬಲ್ ಅಂತ ಹೆಸರು. ನನಗೆ ಗೊತ್ತಿರೋ ಸಸ್ಯಶಾಸ್ತ್ರ ಇವತ್ತಿಗೂ ಅಷ್ಟೇ.

ಹಾಲಿನ ಕಥೆ ಹೇಳ್ಬೇಕು. 1946ರಿಂದ ಅಲ್ಲಿ ಎಲ್ಲ ಮಕ್ಕಳಿಗೂ ಸ್ಕೂಲಲ್ಲಿ ದಿನಕ್ಕೆ ಪೈಂಟಿನ ಮೂರನೇ ಒಂದು ಭಾಗ ಹಾಲು ಪುಕ್ಕಟೆ, ಅಂದ್ರೆ 190 ಎಂಎಲ್ ಅಷ್ಟು, ಪುಟ್ಟ ಗಾಜಿನ ಬಾಟಲೀಲಿ, ಬಾಯಿಗೆ ತಗಡಿನ ಹಾಳೆ ಮುಚ್ಚಳ. ಕ್ರೇಟು ಬಾಗಿಲಾಚೆ ಇಟ್ಟು ಹೋಗ್ತಿದ್ರು. ನಾವು ಬರೋ ಮೊದಲೇ ಬ್ಲೂ ಟಿಟ್ ಅನ್ನೋ ಗುಬ್ಬಿಗಿಂತ ಸಣ್ಣ ಹಕ್ಕಿಗಳು ಮುಚ್ಚಳ ಕುಕ್ಕಿ ತೂತು ಮಾಡಿ ಮೇಲಿನ ಕೆನೆ ತಿಂದು ಹೋಗಿರ್ತಿದ್ವು. ಚಳಿಗಾಲದಲ್ಲಿ ಹಾಲು ಗಡ್ಡೆ ಕಟ್ಟಿ ಮುಚ್ಚಳ ಟೋಪಿ ಥರ ಎದ್ದು ನಿಂತಿರೋದು, ಆಗ ಟೀಚರ್ ಕ್ರೇಟ್ ತಂದು ಒಲೆ ಪಕ್ಕ ಇಡೋರು, ಹನ್ನೊಂದು ಗಂಟೆ ಹೊತ್ತಿಗೆ ಒಂದು ಬದಿ ಬೆಚ್ಚಗೆ ಇನ್ನೊಂದು ಬದಿ ಐಸು, ಆ ರುಚಿ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ತೊಳಸುತ್ತೆ. ಕುಡೀದೆ ಬಿಡೋ ಹಾಗಿಲ್ಲ. 1971ರಲ್ಲಿ ಏಳು ವರ್ಷ ದಾಟಿದ ಮಕ್ಕಳಿಗೆ ಇದನ್ನ ನಿಲ್ಲಿಸಿದ್ರು, ಆಗ ಶಿಕ್ಷಣ ಮಂತ್ರಿ ಆಗಿದ್ದದ್ದು ಮಾರ್ಗರೆಟ್ ಥ್ಯಾಚರ್, ದೇಶವೆಲ್ಲ ಹಾಲು ಕಸಿದವಳು ಅಂತ ಬೈದ್ರು. ರಾಜಕೀಯ ಏನೇ ಇರ್ಲಿ, ನಮ್ಮ ಸ್ಕೂಲಿನ ಮಕ್ಕಳು ಆಕೆಗೆ ಒಂದು ಥ್ಯಾಂಕ್ಸ್ ಕಾರ್ಡ್ ಕಳಿಸ್ಬಹುದಿತ್ತು.

ಆದ್ರೆ ಒಂದು ವಿಷಯ ನಂಗೆ ತಮಾಷೆ ಅನ್ಸಲ್ಲ ಸರ್. ಹನ್ನೊಂದನೇ ವಯಸ್ಸಿಗೆ ಇಲೆವೆನ್ ಪ್ಲಸ್ ಅಂತ ಒಂದು ಪರೀಕ್ಷೆ. ಪಾಸಾದವರು ಮುಂದೆ ಕಾಲೇಜಿಗೆ ದಾರಿಯಾಗೋ ಗ್ರಾಮರ್ ಸ್ಕೂಲು, ಇಲ್ದಿದ್ರೆ ಕೈಕೆಲಸಕ್ಕೆ ತಯಾರು ಮಾಡೋ ಸೆಕೆಂಡರಿ ಮಾಡರ್ನ್. ಒಂದೇ ಬಸ್‌ಸ್ಟಾಪ್, ಎರಡು ಬಸ್ಸು. ಆವರೆಗೆ ಒಟ್ಟಿಗೆ ಕೆಸರಲ್ಲಿ ಬಿದ್ದೆದ್ದವರು ಆ ಸೆಪ್ಟೆಂಬರಿಂದ ಬೇರೆ ಬೇರೆ ಬಣ್ಣದ ಕೋಟು ಹಾಕ್ಕೊಂಡು ರಸ್ತೆಯ ಒಂದೇ ಬದೀಲಿ ದೂರ ದೂರ ನಿಲ್ತಿದ್ವಿ. ಯಾರೂ ಹಾಗೆ ನಿಲ್ಲಿ ಅಂತ ಹೇಳಿರ್ಲಿಲ್ಲ. ಡಾಕ್ಟರ್ ಮಗಳು ಪಾಸು, ಕಮ್ಮಾರನ ಮಗ ಫೇಲು, ಅವನು ನನಗಿಂತ ಜಾಣ ಅಂತ ಇಡೀ ಕ್ಲಾಸಿಗೆ ಗೊತ್ತಿತ್ತು.

ಪ್ರಶ್ನೆ: ಪೌಂಡು ಶಿಲಿಂಗು ಪೆನ್ಸು ಲೆಕ್ಕ ಹೇಗ್ ಮಾಡ್ತಿದ್ರಿ? ಮಿಠಾಯಿ ಎಷ್ಟಕ್ಕೆ ಸಿಗ್ತಿತ್ತು? (ಈ ಪ್ರಶ್ನೆ ಆರನೇ ಕ್ಲಾಸಿನ ಹುಡುಗನದ್ದು)

ಉತ್ತರ: ಮರಿ, ಹನ್ನೆರಡು ಪೆನ್ಸಿಗೆ ಒಂದು ಶಿಲಿಂಗು, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡು, ಅಂದ್ರೆ ಪೌಂಡಿಗೆ 240 ಪೆನ್ಸು. ಕ್ಲಾಸಲ್ಲಿ 3 ಪೌಂಡ್ 7 ಶಿಲಿಂಗ್ 9 ಪೆನ್ಸನ್ನ ಐದರಿಂದ ಗುಣಿಸು ಅಂತ ಕೊಡೋರು, ನೀನೇ ಮಾಡಿ ನೋಡು. ನಮ್ಮಮ್ಮಂಗೆ ಮಾತ್ರ ಇದೇನೂ ಕಷ್ಟ ಆಗ್ಲಿಲ್ಲ, ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ ಅಂತ ಬೆಳೆದವಳು, ಇಂಗ್ಲಿಷ್ ಸರಿಯಾಗಿ ಬರ್ದಿದ್ರೂ ಅಂಗಡಿಯವಳು ಪೆನ್ಸಿಲ್ ತೆಗೆಯೋ ಮೊದಲೇ ಬಾಯಲ್ಲೇ ಮೊತ್ತ ಹೇಳಿಬಿಡ್ತಿದ್ಲು. ಅಂಗಡೀಲಿ ಅಮ್ಮಂಗೆ ಮರ್ಯಾದೆ ಬಂದದ್ದು ಆ ಲೆಕ್ಕದಿಂದ್ಲೇ. 1971ರ ಫೆಬ್ರವರಿ 15ಕ್ಕೆ ಪೌಂಡಿಗೆ ನೂರು ಪೆನ್ನಿ ಅಂತ ಮಾಡಿದ್ರು, ಅಮ್ಮಂಗೆ ಬಹಳ ನಷ್ಟ ಆದ ಹಾಗೆ ಮುಖ ಆಯ್ತು.

ಮಿಠಾಯಿ: ಬ್ಲ್ಯಾಕ್ ಜ್ಯಾಕ್, ಫ್ರೂಟ್ ಸಲಾಡ್ ಅಂತ ಅಗಿಯೋ ಮಿಠಾಯಿ ಪೆನ್ನಿಗೆ ನಾಲ್ಕು. ಬ್ಲ್ಯಾಕ್ ಜ್ಯಾಕ್ ತಿಂದ್ರೆ ನಾಲಿಗೆ ಕರ್ರಗಾಗುತ್ತೆ, ಅದಕ್ಕೇ ತಿನ್ನೋದು. ಉಳಿದದ್ದೆಲ್ಲ ಗಾಜಿನ ಜಾಡೀಲಿ, ತಕ್ಕಡೀಲಿ ತೂಗಿ ಕಾಗದದ ಚೀಲಕ್ಕೆ ಹಾಕಿ ಎರಡು ಮೂಲೆ ಹಿಡಿದು ಗಿರಗಿರ ತಿರುಗಿಸಿ ಕಿವಿ ಮಾಡಿ ಕೊಡೋರು. ಒಂದು ಮಾತು ಕೇಳು, ಯುದ್ಧದ ಕಾಲದಲ್ಲಿ ಶುರುವಾದ ಮಿಠಾಯಿ ರೇಷನ್ ಅಲ್ಲಿ 1953ರ ಫೆಬ್ರವರಿವರೆಗೂ ಇತ್ತು. ಯುದ್ಧ ಮುಗಿದು ಏಳು ವರ್ಷ ದಾಟಿದ್ಮೇಲೂ ಮಕ್ಕಳು ಕೂಪನ್ ಹಿಡ್ಕೊಂಡು ನಿಲ್ತಿದ್ರು. ನನಗಿಂತ ಹತ್ತು ವರ್ಷ ದೊಡ್ಡವರು ಮಿಠಾಯಿನ ಅರ್ಧ ತಿಂದು ಅರ್ಧ ಜೇಬಲ್ಲಿ ಇಟ್ಕೋತಿದ್ದದ್ದು ಯಾಕೆ ಅಂತ ನಂಗೆ ಆಮೇಲೆ ಹೊಳೀತು.

ಪ್ರಶ್ನೆ: ಊಟಕ್ಕೇನು ಮಾಡ್ತಿದ್ರಿ? ನಿಮ್ಮಮ್ಮ ಸಸ್ಯಾಹಾರಿ ಅಂತ ಬರೆದಿದ್ರಿ. ತೆಂಗಿನಕಾಯಿ ಎಲ್ಲಿಂದ ಬರ್ತಿತ್ತು?

ಉತ್ತರ: ಈ ಪ್ರಶ್ನೆ ಅತಿ ಹೆಚ್ಚು ಜನ ಕೇಳಿದ್ದು, ಎಲ್ಲರೂ ಹೆಂಗಸರು!

ರವೆ ಸಿಗ್ತಿತ್ತು. ಅಲ್ಲಿಯವರು ಸೆಮೊಲಿನಾ ಅಂತ ಹಾಲಲ್ಲಿ ಬೇಯಿಸಿ ಮಧ್ಯೆ ಒಂದು ಚಮಚ ಜ್ಯಾಮ್ ಹಾಕಿ ಸ್ಕೂಲಲ್ಲಿ ಕೊಡೋರು, ಮಕ್ಕಳೆಲ್ಲ ಅದನ್ನ ಕಂಡ್ರೆ ಓಡೋರು, ನಾವು ಅದೇ ರವೇಲಿ ಮನೇಲಿ ಉಪ್ಪಿಟ್ಟು ತಿಂತಿದ್ವಿ. ಕೆಂಪು ಬೇಳೆ, ಒಣ ಬಟಾಣಿ ಬೇಳೆ ಸೂಪಿಗೆ ಅಂತ ಇಡೋರು, ಸಾರಾಯ್ತು. ಮೆಣಸಿನಕಾಯಿ, ಇಂಗು ಊರಿಂದ ಪಾರ್ಸೆಲ್ಲು. ಹುಣಸೆಹಣ್ಣು ಮುಗಿದಾಗ ಬ್ರ್ಯಾಮ್ಲಿ ಅನ್ನೋ ಅಡುಗೆ ಸೇಬು, ಹಸೀದು ತಿನ್ನೋಕಾಗದಷ್ಟು ಹುಳಿ, ಅದನ್ನ ಬೇಯಿಸಿ ಗೊಜ್ಜು. ಬೇಸಿಗೇಲಿ ರೂಬಾರ್ಬ್ ಅಂತ ಕೆಂಪು ದಂಟು ಪ್ರತಿ ಹಿತ್ತಲಲ್ಲೂ ಬೆಳೆಯುತ್ತೆ, ಅಕ್ಕಪಕ್ಕದವರು ಸಾಕಪ್ಪಾ ಅಂತ ತಂದು ಕೊಡೋರು, ಅದರ ಹುಳಿ ಸಾಂಬಾರಿಗೆ ಬಹಳ ಚೆನ್ನಾಗಿ ಹೊಂದುತ್ತೆ, ಎಲೆ ಮಾತ್ರ ವಿಷ, ಹಾಕಬಾರದು. ಆಲಿವ್ ಎಣ್ಣೆ ಬೇಕಿದ್ರೆ ಔಷಧಿ ಅಂಗಡಿಗೇ ಹೋಗ್ಬೇಕು, ಕಿವಿಗೆ ಬಿಡೋಕೆ ಅಂತ ಪುಟ್ಟ ಸೀಸೇಲಿ.

ತೆಂಗಿನಕಾಯಿಗೆ ಅಂತ ಕಾಯ್ತಿದ್ದದ್ದು ವರ್ಷಕ್ಕೊಂದ್ಸಲ ಆಗೋ ಹಳ್ಳಿ ಜಾತ್ರೆಗೆ, ಫೇಟ್ ಅಂತಾರೆ. ಅಲ್ಲಿ ಕೋಕೊನಟ್ ಶೈ ಅಂತ ಒಂದು ಆಟ, ಕಂಬದ ಮೇಲೆ ಬಟ್ಟಲು, ಬಟ್ಟಲಲ್ಲಿ ತೆಂಗಿನಕಾಯಿ, ಮರದ ಚೆಂಡಲ್ಲಿ ಹೊಡೆದು ಬೀಳಿಸಿದ್ರೆ ಕಾಯಿ ನಿಮ್ಮದು. ಉಳಿದವರಿಗೆ ಅದು ತಮಾಷೆ, ಗೆದ್ದ ಕಾಯಿ ಮನೇಲಿ ಒಡೆದು ಹಕ್ಕಿಗೆ ನೇತು ಹಾಕೋರು. ಅಪ್ಪ ಕಾಲೇಜಲ್ಲಿ ಸ್ಪಿನ್ ಬೌಲರ್. ಕೋಟು ಬಿಚ್ಚಿ ಅಮ್ಮನ ಕೈಗೆ ಕೊಟ್ಟು ನಿಂತ್ರೆ ಸಾಲಾಗಿ ಬೀಳಿಸ್ತಿದ್ರು, ಅಂಗಡಿಯವನು ಮುಖ ಹುಳ್ಳಗೆ ಮಾಡ್ಕೊಂಡು ಡಾಕ್ಟರ್ ಇನ್ನು ಸಾಕು ಅನ್ನೋವರೆಗೂ. ಆವತ್ತು ರಾತ್ರಿ ನಮ್ಮನೇಲಿ ಕಾಯಿ ಚಟ್ನಿ, ಆಮೇಲೆ ವಾರಪೂರ್ತಿ ಹೆಂಗೆಂಗೋ ಕಾಯಿ. ಪಕ್ಕದಮನೆ ಅಜ್ಜಿ ಹಕ್ಕಿಗೆ ಹಾಕೋ ಬದಲು ತಮ್ಮ ಕಾಯೀನೂ ನಮಗೇ ತಂದುಕೊಡೋಕೆ ಶುರು ಮಾಡಿದ್ರು.

ಇನ್ನೊಂದು ಬರೀಲೇಬೇಕು. ವಿಮೆನ್ಸ್ ಇನ್‌ಸ್ಟಿಟ್ಯೂಟ್ ಅಂತ ಹಳ್ಳಿ ಹೆಂಗಸರ ಸಂಘ, ಬ್ರಿಟನ್ನಲ್ಲಿ ಮೊದಲು 1915ರಲ್ಲಿ ವೇಲ್ಸಲ್ಲಿ ಶುರುವಾಗಿ ಎಲ್ಲ ಕಡೆ ಹಬ್ಬಿದ್ದು. ಅವರು ಜ್ಯಾಮ್, ಚಟ್ನಿ, ಕೇಕು, ತರಕಾರಿ ಸ್ಪರ್ಧೆ ಇಡೋರು, ನಿಯಮ ನೋಡಿದ್ರೆ ಐಎಎಸ್ ಪರೀಕ್ಷೆ ಪರವಾಗಿಲ್ಲ ಅನ್ಸುತ್ತೆ. ಜಾಡಿ ಮೇಲೆ ಯಾವ ಕಂಪನಿ ಹೆಸರೂ ಇರ್ಬಾರ್ದು, ಮುಚ್ಚಳ ಹೊಸದಿರ್ಬೇಕು, ಲೇಬಲ್ ನೆಟ್ಟಗಿರ್ಬೇಕು. ಅಮ್ಮ ಚಟ್ನಿ ವಿಭಾಗಕ್ಕೆ ಗೂಸ್‌ಬೆರಿ ಉಪ್ಪಿನಕಾಯಿ ಇಟ್ಲು, ನೆಲ್ಲಿಕಾಯಿ ಥರಾನೇ ಹುಳಿ ಅದು, ಮೇಲೆ ಎರಡು ಬೆರಳು ಎಣ್ಣೆ. ಜಡ್ಜಮ್ಮ ಚಮಚ ತುದೀಲಿ ನೆಕ್ಕಿ, ಸುಮ್ಮನೆ ನಿಂತು, ಒಂದು ಲೋಟ ನೀರು ಕುಡಿದು, ಕಾರ್ಡಿನ ಮೇಲೆ ಎನ್‌ಎಎಸ್ ಅಂತ ಮೂರಕ್ಷರ ಬರೆದ್ರು. ನಾಟ್ ಅಕಾರ್ಡಿಂಗ್ ಟು ಶೆಡ್ಯೂಲ್, ಅಂದ್ರೆ ನಿಯಮಕ್ಕೆ ಸೇರಲ್ಲ. ಸಂಜೆ ಎಲ್ಲ ಮುಗಿದ್ಮೇಲೆ ಅದೇ ಜಡ್ಜಮ್ಮ ನಮ್ಮನೆ ಬಾಗಿಲಿಗೆ ಬಂದು ಆ ಜಾಡಿ ಮಾರ್ತೀರಾ ಅಂತ ಕೇಳಿದ್ರು.

ಪ್ರಶ್ನೆ: ಆಟ ಏನು ಆಡ್ತಿದ್ರಿ?

ಉತ್ತರ: ಬೆಳಿಗ್ಗೆ ಮನೆ ಬಿಟ್ರೆ ಹೊಟ್ಟೆ ಹಸಿದಾಗ ವಾಪಸ್. ತುರಚೆ ಥರದ ನೆಟಲ್ ಗಿಡ ಕಾಲಿಗೆ ತಾಗಿದ್ರೆ ಪಕ್ಕದಲ್ಲೇ ಬೆಳೆಯೋ ಡಾಕ್ ಸೊಪ್ಪು ಉಜ್ಜೋದು. ನಿಜವಾಗಿ ಗುಣ ಆಗುತ್ತಾ ಅಂದ್ರೆ ಅಪ್ಪ ನಗೋರು, ನಮಗಂತೂ ಆಗ್ತಿತ್ತು.

ಅಕ್ಟೋಬರ್ ಅಂದ್ರೆ ಕಾಂಕರ್. ಹಾರ್ಸ್ ಚೆಸ್ಟ್‌ನಟ್ ಮರದ ಕಂದು ಬೀಜ, ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತೆ, ಮಧ್ಯೆ ತೂತು ಕೊರೆದು ಬೂಟ್ ಲೇಸು ಪೋಣಿಸಿ ಗಂಟು ಹಾಕಿ ಒಬ್ಬ ತೂಗಾಡಿಸಿ ಹಿಡೀಬೇಕು, ಇನ್ನೊಬ್ಬ ತನ್ನದರಿಂದ ಬಾರಿಸ್ಬೇಕು. ಯಾರದ್ದು ಒಡೆಯುತ್ತೋ ಅವರು ಸೋತ್ರು, ಅವರ ಗೆಲುವಿನ ಲೆಕ್ಕವೂ ಗೆದ್ದವರಿಗೇ ಸೇರುತ್ತೆ. ವಿನೆಗರಲ್ಲಿ ನೆನೆಸೋದು, ಓವನ್ನಲ್ಲಿ ಹುರಿಯೋದು, ಹೋದ ವರ್ಷದ್ದು ಡ್ರಾಯರಲ್ಲಿ ಬಚ್ಚಿಟ್ಟು ತರೋದು, ಎಲ್ಲ ಮೋಸವೂ ಇತ್ತು. ಬೆರಳ ಗೆಣ್ಣಿಗೆ ಬಿದ್ದ ಏಟು ಮಾತ್ರ ಅಪ್ಪಟ.

ನವೆಂಬರ್ 5ಕ್ಕೆ ಗೈ ಫಾಕ್ಸ್ ರಾತ್ರಿ, 1605ರಲ್ಲಿ ಪಾರ್ಲಿಮೆಂಟ್ ಉಡಾಯಿಸೋಕೆ ಹೋಗಿ ಸಿಕ್ಕಿಬಿದ್ದವನು. ಹಳೇ ಪ್ಯಾಂಟು ಶರ್ಟಿಗೆ ಹುಲ್ಲು ತುಂಬಿ ಬೊಂಬೆ ಮಾಡಿ ತಳ್ಳುಗಾಡೀಲಿ ಕೂರಿಸ್ಕೊಂಡು ಪಬ್ ಮುಂದೆ ನಿಂತು ಗೈಗೆ ಒಂದು ಪೆನ್ನಿ ಅಂತ ಕಾಸು ಎತ್ತೋದು, ಆ ಕಾಸಲ್ಲಿ ಪಟಾಕಿ. ಪಟಾಕಿ ವಿಷಯದಲ್ಲಿ ಅಮ್ಮ ಪೂರ್ತಿ ನಮ್ಮ ಕಡೆ.

ಸೆಪ್ಟೆಂಬರಲ್ಲಿ ಹಾಪ್ಸ್ ಕೊಯ್ಲು. ಬಿಯರಿಗೆ ಕಹಿ ಕೊಡೋ ಹೂವು ಅದು, ಎತ್ತರದ ಕಂಬ, ತಂತಿ, ಮೇಲಿನವರೆಗೆ ಹಬ್ಬಿದ ಬಳ್ಳಿ. ಹಿಂದೆಲ್ಲ ಬ್ಲ್ಯಾಕ್ ಕಂಟ್ರಿ ಕಡೆಯ ಫ್ಯಾಕ್ಟರಿ ಊರುಗಳಿಂದ, ಸೌತ್ ವೇಲ್ಸಿಂದ ಸಂಸಾರ ಸಮೇತ ಜನ ರೈಲಲ್ಲಿ ಬಂದು ಕೊಟ್ಟಿಗೆಗಳಲ್ಲಿ ಉಳ್ಕೊಂಡು ಕೊಯ್ದು ಹೋಗ್ತಿದ್ರಂತೆ. ನಮ್ಮ ಕಾಲಕ್ಕೆ ಮೆಷಿನ್ ಬಂದಿತ್ತು, ಬಳ್ಳೀನ ಪೂರ್ತಿ ಕತ್ತರಿಸಿ ಕೊಕ್ಕೆಗೆ ಹಾಕೋದು, ಬೆಲ್ಟಿನ ಎರಡೂ ಕಡೆ ಊರ ಹೆಂಗಸರು ನಿಂತು ಎಲೆ ಆರಿಸಿ ಬಿಸಾಕೋದು. ಕೈ ಕರ್ರಗಾಗಿ ಅಂಟಂಟು, ಸೋಪಿಗೆ ಹೋಗಲ್ಲ, ಆ ಕೈಯಲ್ಲಿ ಬ್ರೆಡ್ ತಿಂದ್ರೆ ಬ್ರೆಡ್ಡೂ ಕಹಿ.

ಆಮೇಲೆ ಸೇಬು ಕಳ್ಳತನ. ನಾನು ಹೊಸಬಳು ಅಂತ ಗೊತ್ತಿದ್ದ ಹುಡುಗರು ಸೈಡರ್ ಅನ್ನೋ ಸೇಬಿನ ಮದ್ಯಕ್ಕೆ ಅಂತ ಬೆಳೆದ ತೋಟಕ್ಕೇ ಕರ್ಕೊಂಡು ಹೋಗಿ ಇದನ್ನ ತಿನ್ನು, ಎಲ್ಲಕ್ಕಿಂತ ಕೆಂಪಗಿದೆ ಅಂದ್ರು. ಫಾಕ್ಸ್‌ವೆಲ್ಪ್ ಅನ್ನೋ ತಳಿ. ಕಚ್ಚಿದ್ರೆ ಬಾಯೆಲ್ಲ ಒಗರು ಹುಳಿ, ಕಣ್ಣಲ್ಲಿ ನೀರು. ಸೈಡರ್ ಸೇಬು ಇರೋದು ಹಿಂಡೋಕೆ, ತಿನ್ನೋಕಲ್ಲ. ಅವರು ಬಿದ್ದು ಬಿದ್ದು ನಗ್ತಿದ್ರು, ನಾನು ಉಗೀದೆ ಪೂರ್ತಿ ನುಂಗಿದೆ. ಅವತ್ತಿಂದ ಗುಂಪಿಗೆ ಸೇರಿಸ್ಕೊಂಡ್ರು.

ಪ್ರಶ್ನೆ: ಬಣ್ಣ ನೋಡಿ ಯಾರೂ ಏನೂ ಅನ್ಲಿಲ್ವಾ? ನೀವು ಬರೆದದ್ದು ಓದಿದ್ರೆ ಎಲ್ಲ ಚೆನ್ನಾಗೇ ಇತ್ತು ಅನ್ಸುತ್ತೆ.

ಉತ್ತರ: ಅಂದ್ರು. ಬಹುಪಾಲು ಕುತೂಹಲ, ಜಡೆ ಮುಟ್ಟಿ ನೋಡೋದು, ಬಣ್ಣ ಉಜ್ಜಿದ್ರೆ ಹೋಗುತ್ತಾ ಅಂತ ಕೇಳೋದು. ಹಳ್ಳೀಲಿ ನಾವೊಂದೇ ಸಂಸಾರ, ಹೆದರಿಸೋಷ್ಟು ಸಂಖ್ಯೆ ನಮ್ಮದಲ್ಲ, ಜೊತೆಗೆ ಡಾಕ್ಟರ್ ಮನೆ. ಅದೇ ಬರ್ಮಿಂಗ್‌ಹ್ಯಾಮಲ್ಲಿ ಫೌಂಡ್ರಿ ಕೆಲಸಕ್ಕೆ ಬಂದವರ ಮಕ್ಕಳಿಗೆ ಆದದ್ದು ನಮಗಾಗ್ಲಿಲ್ಲ, ಹಾಗಾಗಿ ನನ್ನ ಅನುಭವಾನ ಎಲ್ಲರದ್ದು ಅಂತ ತಗೋಬೇಡಿ. 1968ರ ಏಪ್ರಿಲ್ 20ಕ್ಕೆ ಬರ್ಮಿಂಗ್‌ಹ್ಯಾಮಲ್ಲಿ ಇನಾಕ್ ಪೊವೆಲ್ ಅನ್ನೋ ಎಂಪಿ ವಲಸಿಗರ ವಿರುದ್ಧ ಆ ಕುಖ್ಯಾತ ಭಾಷಣ ಮಾಡಿದ. ಸೋಮವಾರ ಬಸ್‌ಸ್ಟಾಪಲ್ಲಿ, ನಿನ್ನೆವರೆಗೆ ಹಲೋ ಅಂತಿದ್ದ ಒಬ್ಬ ಹೆಂಗಸು ನಮ್ಮಮ್ಮನ್ನ ನೋಡಿ ಬೇರೆ ಕಡೆ ತಿರುಗಿದ್ರು. ಅದೇ ಪೊವೆಲ್ 1960ರಿಂದ 63ರವರೆಗೆ ಆರೋಗ್ಯ ಮಂತ್ರಿ, ಅಪ್ಪನಂಥವರು ಬಂದು ಎನ್‌ಎಚ್‌ಎಸ್ ಅನ್ನೋ ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಸೇರಿದ್ದು ಅವನ ಕಾಲದಲ್ಲೇ. ಅಪ್ಪ ಪೇಪರ್ ಮಡಚಿ, ಡ್ಯೂಟಿ ಇದೆ ಅಂತ ಎದ್ದು ಹೋದ್ರು.

ಪ್ರಶ್ನೆ: ಇನ್ನೂರು ವರ್ಷ ನಮ್ಮನ್ನ ಆಳಿದವರ ಹಳ್ಳಿ ನೆನೆದು ಕಣ್ಣೀರು ಹಾಕೋದು ಗುಲಾಮಿ ಬುದ್ಧಿ ಅಲ್ವಾ?

ಉತ್ತರ: ಕಣ್ಣೀರು ಹಾಕಿದ್ದು ಎಲ್ಲಿ ಅಂತ ಹೇಳಿ, ತಿದ್ಕೋತೀನಿ. ಇಂಡಿಯಾದಲ್ಲಿ ಸತ್ತ ಆಫೀಸರುಗಳ ಹೆಸರು ಕೆತ್ತಿದ ಕಲ್ಲು ಅಲ್ಲಿಯ ಎಷ್ಟೋ ಹಳ್ಳಿ ಚರ್ಚುಗಳ ಗೋಡೇಲಿದೆ, ನಮ್ಮೂರಲ್ಲೂ ಇತ್ತು, ದೊಡ್ಡ ಮನೆಯವರದ್ದು. ಅದೇ ಚರ್ಚಿನ ಆಚೆ ಮೊದಲ ಮಹಾಯುದ್ಧದಲ್ಲಿ ಸತ್ತವರ ಕಂಬ, ಅದರಲ್ಲಿದ್ದ ಅಡ್ಡಹೆಸರುಗಳು ನನ್ನ ಕ್ಲಾಸಿನ ಹಾಜರಿ ಪುಸ್ತಕದಲ್ಲೂ ಇದ್ವು. ಆ ಯುದ್ಧದಲ್ಲಿ ಹೋದ ಹುಡುಗರೆಲ್ಲ ವಾಪಸ್ ಬಂದ ಹಳ್ಳಿಗಳು ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿ ಐವತ್ತು ಚಿಲ್ಲರೆ ಅಷ್ಟೇ. ಆಳಿದವರು ಒಳಗಿನ ಕಲ್ಲಿನವರು, ನಾನು ಬೆಳೆದದ್ದು ಹೊರಗಿನ ಕಂಬದವರ ಮೊಮ್ಮಕ್ಕಳ ಜೊತೆ.

ಪ್ರಶ್ನೆ: ಈಗ ಹೋದ್ರೆ ಏನು ಉಳಿದಿದೆ?

ಉತ್ತರ: ಎಲ್ಲ ಉಳಿದಿದೆ, ಅದೇ ವಿಚಿತ್ರ. ಮನೆಗಳು ಆಗಿಗಿಂತ ಚೆನ್ನಾಗಿವೆ, ಸುಣ್ಣ ಬಣ್ಣ, ಬಾಗಿಲಿಗೆ ಹೂವಿನ ಕುಂಡ. ಆದ್ರೆ ಗೇಟಿನ ಹೆಸರು ಓದ್ತಾ ಹೋಗಿ: ದಿ ಓಲ್ಡ್ ಫೋರ್ಜ್, ದಿ ಓಲ್ಡ್ ಬೇಕರಿ, ದಿ ಓಲ್ಡ್ ಸ್ಕೂಲ್ ಹೌಸ್, ದಿ ಓಲ್ಡ್ ಪೋಸ್ಟ್ ಆಫೀಸ್. ಕುಲುಮೆ, ಸ್ಕೂಲು, ಅಂಚೆ ಎಲ್ಲ ಯಾರದೋ ಡ್ರಾಯಿಂಗ್ ರೂಮಾಗಿದೆ. ಹಾಪ್ಸ್ ಒಣಗಿಸ್ತಿದ್ದ ಗೂಡೂ ಮನೆ, ಕಿಟಕಿ ಇಟ್ಟು ಲಕ್ಷಣವಾಗಿ ಮಾಡಿದ್ದಾರೆ. ಆಳುಗಳ ಕಾಟೇಜನ್ನ ಈಗ ಕೊಳ್ಳೋರು ಲಂಡನ್ನಿಂದ ಶುಕ್ರವಾರ ಸಂಜೆ ಬಂದು ಭಾನುವಾರ ಹೋಗೋ ಜನ, ಆಳುಗಳ ಮೊಮ್ಮಕ್ಕಳಿಗೆ ಅಲ್ಲಿ ಬಾಡಿಗೆ ಕೊಡೋಕೂ ಆಗಲ್ಲ. ಜನ ಹಳ್ಳಿ ಹಾಳಾಯ್ತು ಅಂತ ಕೊರಗ್ತಾರಲ್ಲ, ಅಲ್ಲಿ ಹಾಳಾಗ್ಲಿಲ್ಲ, ಸಿಂಗಾರ ಆಯ್ತು. ಕೆಲಸ ಹೋಯ್ತು, ಕೆಲಸದ ಜೊತೆ ಗಲೀಜೂ ಹೋಯ್ತು, ಟೈಡ್ ಕಾಟೇಜಿನ ಅನ್ಯಾಯವೂ ಹೋಯ್ತು, ಮಕ್ಕಳೂ ಹೋದ್ರು. ಒಂದನ್ನ ಇಟ್ಕೊಂಡು ಇನ್ನೊಂದನ್ನ ಕಳಿಸ್ಬಹುದಿತ್ತಾ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ, ಆಗ್ತಿರ್ಲಿಲ್ಲ ಅನ್ಸುತ್ತೆ.

ನಿಜವಾಗಿ ಕಾಣೆಯಾದದ್ದು ಎಲ್ಮ್ ಮರಗಳು. ಬೇಲಿಯುದ್ದಕ್ಕೂ ಇದ್ವು. ಅರವತ್ತರ ದಶಕದ ಕೊನೇಲಿ ಡಚ್ ಎಲ್ಮ್ ರೋಗದ ಹೊಸ ತಳಿ ಬಂತು, ತೊಗಟೆ ಕೊರೆಯೋ ದುಂಬಿ ಹರಡೋ ಶಿಲೀಂಧ್ರ, ಎರಡು ದಶಕದಲ್ಲಿ ಬ್ರಿಟನ್ನಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಮರ ಸತ್ತವು. ಈಗಿನ ಮಕ್ಕಳಿಗೆ ಆ ಬಯಲು ಮೊದಲಿಂದ್ಲೂ ಹಾಗೇ ಇತ್ತು ಅನ್ಸುತ್ತೆ. ರೈಲೂ ಇಲ್ಲ, 1963ರ ಬೀಚಿಂಗ್ ವರದಿ 2,363 ಸ್ಟೇಷನ್ ಮುಚ್ಚಿ ಅಂತು, ನಮ್ಮ ಕಡೆ ರಾಸ್ ಅನ್ನೋ ಊರಿನ ಮೇಲೆ ಗ್ಲಾಸ್ಟರಿಗೆ ಹೋಗ್ತಿದ್ದ ಪ್ಯಾಸೆಂಜರ್ ರೈಲು 1964ರ ನವೆಂಬರಲ್ಲಿ ನಿಂತೇ ಹೋಯ್ತು.

ಕೆಂಪು ಟೆಲಿಫೋನ್ ಬೂತ್ ಇದೆ, ಗೈಲ್ಸ್ ಗಿಲ್ಬರ್ಟ್ ಸ್ಕಾಟ್ 1935ರಲ್ಲಿ ಡಿಸೈನ್ ಮಾಡಿದ್ದು. ನಮ್ಮ ಕಾಲದಲ್ಲಿ ಅದರಲ್ಲಿ ಎ ಬಟನ್, ಬಿ ಬಟನ್ ಅಂತ ಎರಡಿತ್ತು, ಆಚೆಯವರು ಎತ್ತಿದ್ರೆ ಎ ಒತ್ತಿ ಮಾತಾಡ್ಬೇಕು, ಎತ್ತಲಿಲ್ಲ ಅಂದ್ರೆ ಬಿ ಒತ್ತಿದ್ರೆ ಕಾಸು ವಾಪಸ್. ಯಾರಾದ್ರೂ ಮರೆತು ಹೋಗಿರ್ತಾರೆ ಅಂತ ನಾವು ಹೋಗ್ತಾ ಬರ್ತಾ ಬಿ ಒತ್ತೋದು. ಈಗ ಬ್ರಿಟಿಷ್ ಟೆಲಿಕಾಂ ಒಂದು ಪೌಂಡಿಗೆ ಅಂಥ ಬೂತನ್ನ ಹಳ್ಳಿಗೇ ಕೊಡುತ್ತೆ, ನಮ್ಮೂರಲ್ಲಿ ಹೃದಯಾಘಾತಕ್ಕೆ ಶಾಕ್ ಕೊಡೋ ಮೆಷಿನ್ ಇಟ್ಟಿದ್ದಾರೆ. ಊರಿನ ಸರಾಸರಿ ವಯಸ್ಸಿಗೆ ಅದು ಸರಿಯಾಗೇ ಇದೆ.

ಪ್ರಶ್ನೆ: ಮಗಳು ಅಲ್ಲಿ ಓದ್ತಿದ್ದಾಳೆ, ಮುಂದಿನ ಬೇಸಿಗೆಗೆ ನಾವಿಬ್ಬರೂ ಹೋಗ್ತಿದ್ದೀವಿ. ಅಂಥ ಹಳ್ಳಿ ನೋಡೋಕೆ ಎಲ್ಲಿಗೆ ಹೋಗೋದು?

ಉತ್ತರ: ಕಾಟ್ಸ್‌ವೋಲ್ಡ್ಸ್ ಅಂತ ಎಲ್ಲರೂ ಹೇಳ್ತಾರೆ, ಬಸ್ಸುಗಟ್ಲೆ ಜನ. ಅದರ ಬದಲು ಹೆರೆಫರ್ಡ್‌ಶೈರಲ್ಲಿ ವೆಬ್ಲಿ, ಪೆಂಬ್ರಿಡ್ಜ್, ಅರ್ಡಿಸ್‌ಲ್ಯಾಂಡ್ ಈ ಮೂರು ನೋಡಿ, ಕಪ್ಪು ಬಿಳುಪು ಮನೆಗಳು ಬೇಕಾದಷ್ಟು, ಪೆಂಬ್ರಿಡ್ಜಲ್ಲಿ ಚರ್ಚಿನಿಂದ ಬೇರೆಯಾಗಿ ನಿಂತಿರೋ ಮರದ ಗಂಟೆ ಗೋಪುರ ಇದೆ, ತಪ್ಪಿಸ್ಬೇಡಿ. ಕಾರಲ್ಲಿ ನೋಡಿ ಬರಬೇಡಿ, ನಡೀರಿ. ಇಂಗ್ಲೆಂಡ್ ವೇಲ್ಸ್ ಎರಡೂ ಸೇರಿ ಸುಮಾರು 2.25 ಲಕ್ಷ ಕಿಲೋಮೀಟರ್ ಸಾರ್ವಜನಿಕ ಕಾಲುದಾರಿ ಇದೆ, ಫಾರ್ಮಿನ ಮಧ್ಯೆ ಹಾದು ಹೋದ್ರೂ ನಡೆಯೋ ಹಕ್ಕು ನಿಮಗಿದೆ, ಯಾರಪ್ಪಣೇನೂ ಬೇಡ. ಆರ್ಡ್‌ನೆನ್ಸ್ ಸರ್ವೇಯವರ ಎಕ್ಸ್‌ಪ್ಲೋರರ್ ಮ್ಯಾಪ್ ಕೊಂಡ್ಕೊಳ್ಳಿ, ಅದರಲ್ಲಿ ಹಸಿರು ಚುಕ್ಕೆ ಗೆರೇಲಿ ಗುರುತು ಹಾಕಿರ್ತಾರೆ. ಗೇಟು ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಕರು ಜೊತೆಗಿರೋ ಹಸುಗಳ ಹತ್ರ ಹೋಗ್ಬೇಡಿ, ನಮ್ಮ ಹಸುಗಳ ಥರ ಸಾಧು ಅಲ್ಲ ಅವು. ಬೇಸಿಗೆ ಅಂತ ರೇನ್‌ಕೋಟ್ ಬಿಟ್ಟು ಹೋಗ್ಬೇಡಿ. ಭಾನುವಾರ ಹಳ್ಳಿ ಬಸ್ಸು ನಂಬ್ಕೋಬೇಡಿ, ಎಷ್ಟೋ ಕಡೆ ಇರೋದೇ ಇಲ್ಲ. ಮತ್ತೆ ಪಬ್ಬಲ್ಲಿ ಮಧ್ಯಾಹ್ನದ ಊಟ ಅಂತಿದ್ರೆ ಎರಡು ಗಂಟೆ ಒಳಗೆ ಹೋಗಿ ಕೂತ್ಕೊಳ್ಳಿ, ಆಮೇಲೆ ಹೋದ್ರೆ ಅಡುಗೆಮನೆ ಮುಚ್ಚಿದೆ ಅಂತಾರೆ, ಎಷ್ಟು ಕೇಳಿದ್ರೂ ಚಿಪ್ಸ್ ಪ್ಯಾಕೆಟ್ಟೇ ಗತಿ.